ಕೆಳಮನೆಯ ಕುಂಟು

ಕಂಡಕ್ಟರಮ್ಮನ ಬಾಯಿಗೆ ಹೆದರದವಳು ಆ ಬೀದಿಯಲ್ಲಿ ಒಬ್ಬಳೇ ಇದ್ದಳು. ಅವಳೂ ಅದೇ ಮನೆಯ ಮಹಡಿಯಲ್ಲಿಯೇ ಇದ್ದಳು: ಮೈದುನನ ಹೆಂಡತಿ, ಅಂದರೆ ವಾರಗಿತ್ತಿ. ಮಹಡಿಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಪಾರ್ಲರಮ್ಮ ಎನ್ನುತ್ತಿದ್ದರು.

ಕಂಡಕ್ಟರಮ್ಮ ಸಿಟಿ ಬಸ್ಸಿನಲ್ಲಿ ಪ್ರಾಯವೆಲ್ಲ ನಿಂತುಕೊಂಡೇ ಕಳೆದವಳು. ಬ್ರೇಕ್ ಹಾಕಿದಾಗಲೆಲ್ಲ ಬಲಗಾಲನ್ನು ಊರಿ ನಿಲ್ಲುವುದು ಅವಳ ಅಭ್ಯಾಸ. ನಿವೃತ್ತಿಯ ದಿನ ಡಿಪೋದವರು ಗೋಡೆ ಗಡಿಯಾರ ಕೊಟ್ಟು ಕಳಿಸಿದರು; ಬಲಮೊಣಕಾಲನ್ನು ಬಸ್ಸೇ ಇಟ್ಟುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಗಂಡ ಆ ಹೊತ್ತಿಗೆ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮಹಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದು, ದಿನಕ್ಕೊಮ್ಮೆ ಮೆಟ್ಟಿಲಿಳಿಯುವುದಕ್ಕೂ ಕಂಬಿ ಹಿಡಿದು, ಮೆಟ್ಟಿಲು ಕಟ್ಟಿದ ಮೇಸ್ತ್ರಿಯ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದಳು.

ಕೆಳಮನೆಯಲ್ಲಿ ಇದ್ದವಳು ಅತ್ತೆ. ಅವಳಿಗೂ ಮಂಡಿನೋವು. ಸಾಯುವ ಮುಂಚೆ ಮಗನನ್ನೂ ಇಬ್ಬರು ಸೊಸೆಯರನ್ನೂ ಹತ್ತಿರ ಕರೆದು, "ನೋಡ್ರೇ, ನಾನು ಹೋದ್ಮೇಲೆ ಕೆಳಮನೆಗೋಸ್ಕರ ಕಚ್ಚಾಡ್ಬೇಡಿ. ಮೆಟ್ಟಿಲು ಹತ್ತೋಕಾಗ್ದೋರು ಕೆಳಗಿರ್ಲಿ, ಹತ್ತೋಕಾಗೋರು ಮೇಲಿರ್ಲಿ" ಎಂದಿದ್ದಳು. ಕಚ್ಚಾಡಬೇಡಿ ಎಂದು ಹೇಳಿಯೇ ಕಚ್ಚಾಟಕ್ಕೆ ಬೀಜ ಬಿತ್ತಿ ಹೋದಳು.

ಕೆಳಮನೆಯ ಮುಂದಿನ ಕೋಣೆಗೆ ಬೀದಿಗೇ ಬಾಗಿಲು. ಪಾರ್ಲರಮ್ಮ ಮದುವೆಯಾಗಿ ಬಂದಾಗಿನಿಂದ ಆ ಬಾಗಿಲಿನ ಮೇಲೆ ಕಣ್ಣಿಟ್ಟಿದ್ದಳು. ಅವಳ ಗೋಳೂ ಸುಳ್ಳಲ್ಲ. ಮುಖ ತೊಳೆಸಿಕೊಳ್ಳಲು ಬಂದವರು ಕಡಿದಾದ ಮೆಟ್ಟಿಲು ಹತ್ತುವಷ್ಟರಲ್ಲಿ ಬೆವರಿ ನೀರಾಗುತ್ತಿದ್ದರು. ಕಾಲಿನ ಉಗುರಿಗೆ ಬಣ್ಣ ಹಾಕಿಸಿಕೊಂಡವರು ಇಳಿಯುವಷ್ಟರಲ್ಲಿ ಅರ್ಧ ಬಣ್ಣವನ್ನು ಮೆಟ್ಟಿಲಿಗೇ ಬಿಟ್ಟು ಹೋಗುತ್ತಿದ್ದರು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಊರವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವವನ ಮನೆಯಲ್ಲಿ ಅಂಥ ಮೆಟ್ಟಿಲು! ಆದರೆ ತಾಯಿಯ ಮಾತು ಮೀರುವ ಎದೆ ಅವನಿಗಿರಲಿಲ್ಲ. ಅವಳ ತಿಥಿ ಮುಗಿದ ದಿನ, "ಅತ್ತಿಗೇಗೆ ಹತ್ತೋಕಾಗಲ್ಲ. ಕೆಳಗಿರ್ಲಿ" ಎಂದ. ಅಂದು ಸಂಜೆಯೇ ಕಂಡಕ್ಟರಮ್ಮ ತನ್ನ ಟ್ರಂಕು, ಮಂಚ, ಡಿಪೋದ ಗಡಿಯಾರ ಎಲ್ಲವನ್ನೂ ಕೆಳಗಿಳಿಸಿಕೊಂಡು ಮುಂದಿನ ಕೋಣೆಯಲ್ಲಿ ರಾಣಿಯ ಹಾಗೆ ಕೂತಳು. ಬೀದಿ ಬಾಗಿಲನ್ನು ಹಗಲೆಲ್ಲ ತೆರೆದೇ ಇಡುತ್ತಿದ್ದಳು. ಪಾರ್ಲರಿನ ಗಿರಾಕಿಗಳು ಬಂದರೆ, "ಮೇಲಮ್ಮಾ ಮೇಲೆ! ಉಸಿರು ಸರಿಯಾಗಿ ತಗೊಂಡು ಹತ್ತಿ, ಹೋದ ವಾರ ಒಬ್ಬಳು ತಲೆ ಸುತ್ತಿ ಬಿದ್ದಳು" ಎನ್ನುತ್ತಿದ್ದಳು. ಯಾರೂ ಬಿದ್ದಿರಲಿಲ್ಲ.

ಪಾರ್ಲರಮ್ಮ ಜಗಳಕ್ಕೆ ಬರಲಿಲ್ಲ. ಅವಳದು ಬೇರೆ ದಾರಿ. ಒಂದು ದಿನ ಎರಡು ಲೋಟ ಚಹಾ ಹಿಡಿದುಕೊಂಡು ಕೆಳಗೆ ಬಂದಳು. ಕಂಡಕ್ಟರಮ್ಮನಿಗೆ ಆಗಲೇ ಅನುಮಾನ. ಈ ಮನೆಯಲ್ಲಿ ಅವಳ ಕೈಯಿಂದ ಚಹಾ ಕುಡಿದು ಎಷ್ಟು ವರ್ಷವಾಗಿತ್ತೋ.

"ಅಕ್ಕಾ, ನನ್ನ ಗಿರಾಕಿ ಒಬ್ರು ಇದಾರೆ. ಅವ್ರ ತಾಯಿಗೆ ನಿಮ್ದೇ ಥರ ಮಂಡಿ. ಈಗೊಬ್ರು ಡಾಕ್ಟ್ರು ಬಂದಿದಾರಂತೆ. ಇಡೀ ಮಂಡಿ ಕೊಯ್ಯೋದಿಲ್ವಂತೆ. ಸವೆದಿರೋ ಜಾಗಕ್ಕೆ ಮಾತ್ರ, ನಮ್ಮ ಅಳತೆಗೇ ತುಂಡು ಮಾಡಿಸಿ ಕೂರಿಸ್ತಾರಂತೆ. ಚಿಕ್ಕ ಗಾಯ. ಮಾರನೇ ದಿನ ನಡೆದಾಡ್ತಾರಂತೆ."

"ನಿಂಗ್ಯಾಕೆ ನನ್ನ ಮಂಡಿ ಚಿಂತೆ?"

"ನೀವು ನರಳೋದು ನೋಡೋಕಾಗಲ್ಲ ಅಕ್ಕಾ."

"ಹಾಗಾದ್ರೆ ನೋಡ್ಬೇಡ. ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಇಳಿ. ನಿನ್ನ ಮಂಡೀನೂ ಹೋಗುತ್ತೆ, ಇಬ್ರೂ ಕೆಳಗೇ ಇರೋಣ."

ಪಾರ್ಲರಮ್ಮ ನಕ್ಕಳು. ಬಾಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಕತ್ತರಿ. ಕಾಲು ವಾಸಿಯಾದರೆ ಮೆಟ್ಟಿಲು ಹತ್ತಬಹುದು. ಹತ್ತುವುದಾದರೆ ಅತ್ತೆಯ ಮಾತಿನ ಪ್ರಕಾರ ಮೇಲಿರಬೇಕು. ಇದು ಅರ್ಥವಾಗದಷ್ಟು ದಡ್ಡಳೇನಲ್ಲ ಕಂಡಕ್ಟರಮ್ಮ. ಬೇಡವೇ ಬೇಡ ಎಂದು ಹಟ ಹಿಡಿದಳು. ಹಟ ಹಿಡಿಯುವುದಕ್ಕೂ ಕಾಲು ಬೇಕು. ಚಳಿ ಶುರುವಾದ ಮೇಲೆ ನೋವು ಎಷ್ಟು ಹೆಚ್ಚಿತೆಂದರೆ, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಗೆ ಕುರ್ಚಿಯನ್ನು ಮುಂದೆ ಮುಂದೆ ತಳ್ಳಿಕೊಂಡು ಹೋಗಬೇಕಾಯಿತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲೇ ಕುಸಿದು ಕೂತು, ಯಾರನ್ನೂ ಕರೆಯಲು ಮನಸ್ಸಾಗದೆ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಕೊನೆಗೆ ಬಂದು ಎತ್ತಿದವಳು ಪಾರ್ಲರಮ್ಮನೇ. ಕಂಕುಳಿಗೆ ಕೈ ಕೊಟ್ಟು ಎಬ್ಬಿಸುತ್ತ ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು.

"ಆ ಡಾಕ್ಟ್ರು ಎಲ್ಲಿದಾರೆ ಅಂದೆ?" ಎಂದಳು ಕಂಡಕ್ಟರಮ್ಮ, ಗೋಡೆಯ ಕಡೆ ಮುಖ ಮಾಡಿ.

ಡಾಕ್ಟರು ಹೆಂಗಸು. ವಯಸ್ಸು ಕಡಿಮೆ, ಮಾತೂ ಕಡಿಮೆ. ಸ್ಕ್ಯಾನ್ ಮಾಡಿಸಿ, ಕೆಲವು ದಿನ ಬಿಟ್ಟು ಕರೆಸಿ, ಮೇಜಿನ ಮೇಲೆ ಬಿಳಿಯ ಪ್ಲಾಸ್ಟಿಕ್ಕಿನ ಮೂಳೆಯೊಂದನ್ನು ಇಟ್ಟಳು.

"ಇದು ಯಾರದ್ದು?"

"ನಿಮ್ದೇ ಅಮ್ಮಾ. ಸ್ಕ್ಯಾನ್ ನೋಡಿ ಪ್ರಿಂಟ್ ಮಾಡಿದ್ದು. ಒಳಮಗ್ಗುಲು ನೋಡಿ."

ಕಂಡಕ್ಟರಮ್ಮ ಅದನ್ನು ಎತ್ತಿ ತಿರುಗಿಸಿದಳು. ಒಂದು ಕಡೆ ದುಂಡಗೆ ಚೆನ್ನಾಗಿತ್ತು. ಇನ್ನೊಂದು ಕಡೆ ತಗ್ಗು ಬಿದ್ದಿತ್ತು. ತನ್ನ ಕಾಲನ್ನು ತಾನೇ ಕೈಯಲ್ಲಿ ಹಿಡಿದುಕೊಂಡಿರುವುದನ್ನು ಕಂಡು ಅವಳಿಗೆ ಹೇಗೆಹೇಗೋ ಆಯಿತು.

"ಹೊರಮಗ್ಗುಲು ಗಟ್ಟಿಯಾಗಿದೆ, ಅದನ್ನ ಮುಟ್ಟೋ ಹಾಗಿಲ್ಲ" ಎಂದಳು ಡಾಕ್ಟರು. "ಒಳಗಡೆ ಮೂಳೆ ತುದಿಯ ಮೆತ್ತೆ ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ. ಅಷ್ಟು ಜಾಗಕ್ಕೆ ಮಾತ್ರ ನಿಮ್ಮ ಅಳತೆಗೇ ಮಾಡಿಸಿದ ಲೋಹದ ತುಂಡು, ಅದರ ಕೆಳಗೊಂದು ಪ್ಲಾಸ್ಟಿಕ್ ಬಿಲ್ಲೆ. ಗಾಯ ಇಷ್ಟೇ" ಎಂದು ಬೆರಳು ತೋರಿಸಿದಳು.

"ರೆಡಿಮೇಡ್ ಅಲ್ವಾ?"

"ಅಲ್ಲ. ಇನ್ನೊಬ್ಬರಿಗೆ ಇದು ಕೂರೋದೇ ಇಲ್ಲ."

"ಒಳ್ಳೇದಾಯ್ತು ಬಿಡಿ" ಎಂದಳು ಕಂಡಕ್ಟರಮ್ಮ, ಪಕ್ಕದ ಕುರ್ಚಿಯಲ್ಲಿದ್ದ ವಾರಗಿತ್ತಿಯನ್ನು ನೋಡುತ್ತ. "ನಂದು ಅಂತ ಇರೋದನ್ನೆಲ್ಲ ಕಿತ್ಕೊಳ್ಳೋರು ನಮ್ಮ ಮನೇಲಿದಾರೆ. ಇದೊಂದನ್ನ ಕಿತ್ಕೊಳ್ಳೋಕಾಗಲ್ಲ."

ಪಾರ್ಲರಮ್ಮ ಡಾಕ್ಟರ ಕಡೆ ತಿರುಗಿದಳು. "ಡಾಕ್ಟ್ರೇ, ಮೆಟ್ಟಿಲು ಯಾವಾಗ ಹತ್ತಬಹುದು?"

"ಕಂಬಿ ಹಿಡ್ಕೊಂಡು ಬೇಗನೇ ಹತ್ತಿಸ್ತೀವಿ. ತಿಂಗಳೊಪ್ಪತ್ತಿನಲ್ಲಿ ಆರಾಮಾಗಿ ಹತ್ತಿ ಇಳೀತಾರೆ."

"ತಿಂಗಳಿಗೇ!" ಪಾರ್ಲರಮ್ಮನ ಮುಖ ತಾನೇ ಫೇಶಿಯಲ್ ಮಾಡಿಸಿಕೊಂಡವಳ ಹಾಗೆ ಹೊಳೆಯಿತು.

"ಎಷ್ಟು ಕಾಳಜಿ ನಿಮ್ಮ ತಂಗಿಗೆ" ಎಂದಳು ಡಾಕ್ಟರು.

"ಅಯ್ಯೋ ಕೇಳ್ಬೇಡಿ" ಎಂದಳು ಕಂಡಕ್ಟರಮ್ಮ.

ಆಪರೇಷನ್ ಬೆಳಿಗ್ಗೆ ಆಯಿತು. ಸಂಜೆಯೊಳಗೆ ನರ್ಸು ಬಂದು ಎಬ್ಬಿಸಿ ನಿಲ್ಲಿಸಿದಳು. ಗಾಯ ಉರಿಯುತ್ತಿತ್ತು, ಕಾಲು ಭಾರವಾಗಿತ್ತು, ಆದರೆ ಒಳಗಿನ ಆ ಹಳೆಯ ನೋವು, ಮೂಳೆಗೆ ಮೂಳೆ ಕೊರೆಯುವ ನೋವು, ಇರಲಿಲ್ಲ. ಕಿವಿಯ ಹತ್ತಿರವೇ ವರ್ಷಗಟ್ಟಲೆ ಅರಚುತ್ತಿದ್ದವನನ್ನು ಯಾರೋ ಬಸ್ಸಿನಿಂದ ಇಳಿಸಿ ಕಳಿಸಿದ ಹಾಗಿತ್ತು. ಕಂಡಕ್ಟರಮ್ಮನ ಕಣ್ಣು ತುಂಬಿತು. ತಿರುಗಿ ನೋಡಿದರೆ ಬಾಗಿಲ ಬಳಿ ಪಾರ್ಲರಮ್ಮ ನಿಂತು, ಅವಳ ಹೆಜ್ಜೆಗಳನ್ನೇ ಕಣ್ಣಲ್ಲಿ ಅಳೆಯುತ್ತಿದ್ದಳು. ಈ ಸುಖ ತನಗೆ ಬಂದದ್ದು ಇವಳಿಂದ. ಅದನ್ನು ನೆನೆದರೇ ಮೈಯುರಿಯಿತು. ತಕ್ಷಣ ಹಲ್ಲು ಕಚ್ಚಿ, "ಅಯ್ಯಯ್ಯಪ್ಪಾ!" ಎಂದು ಕಿರುಚಿ ಹಾಸಿಗೆಯ ಮೇಲೆ ಕುಸಿದಳು. ಅವಳ ಕುಂಟು ಶುರುವಾದದ್ದು ಹಾಗೆ, ಕಾಲು ವಾಸಿಯಾದ ದಿನವೇ.

ಮನೆಗೆ ಬಂದ ಮೇಲೆ ಅದೇ ಅವಳ ಉದ್ಯೋಗವಾಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋದವನು ಹೇಳಿದ್ದನ್ನೆಲ್ಲ ಬಾಗಿಲು ಹಾಕಿಕೊಂಡು ಚಾಚೂ ತಪ್ಪದೆ ಮಾಡುತ್ತಿದ್ದಳು. ಅವನು ಹೋದ ಮೇಲೆ ಬಾಗಿಲು ತೆರೆದು, ಊರುಗೋಲು ಹಿಡಿದು, ಎಳೆದೆಳೆದು ನಡೆಯುತ್ತಿದ್ದಳು. ಮೈದುನ ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಒಂದು ಸುತ್ತು ಕುಂಟುತ್ತಿದ್ದಳು.

"ಹೇಗಿದೆ ಅತ್ತಿಗೆ?"

"ಏನಪ್ಪಾ ಹೇಳ್ಲಿ. ನನ್ನ ಹಣೆಬರಹ. ಎಲ್ರಿಗೂ ಸರಿಹೋಗೋದು ನಂಗ್ಯಾಕೆ ಸರಿಹೋಗುತ್ತೆ?"

ಮೇಲಿಂದ ಪಾರ್ಲರಮ್ಮ ಬಗ್ಗಿ ನೋಡುತ್ತಿದ್ದಳು. ತಿಂಗಳಾಯಿತು, ಎರಡಾಯಿತು. "ಡಾಕ್ಟ್ರು ತಿಂಗಳು ಅಂದಿದ್ರು" ಎಂದು ಗಂಡನ ಕಿವಿ ಕಚ್ಚಿದಳು. "ಎಲ್ರ ಮೈ ಒಂದೇ ಥರ ಇರಲ್ಲ" ಎಂದು ಅವನು ಜಾರಿಕೊಂಡ. ಅವಳು ಪರೀಕ್ಷೆ ಮಾಡಲು ಶುರುಮಾಡಿದಳು. ಮೆಟ್ಟಿಲ ಮೇಲೆ ನಿಂತು, "ಅಕ್ಕಾ, ನಿಮ್ಗೆ ಫೋನು, ಬೇಗ ಬನ್ನಿ" ಎಂದು ಕೂಗುವಳು. ಕಂಡಕ್ಟರಮ್ಮ ಕೂತಲ್ಲಿಂದಲೇ, "ಸತ್ತಿದಾಳೆ ಅಂತ ಹೇಳು" ಎನ್ನುವಳು. ಬೇಕೆಂದೇ ಅಂಗಳದಲ್ಲಿ ಬಕೆಟ್ಟಿನ ನೀರು ಚೆಲ್ಲಿ, ಕಂಡಕ್ಟರಮ್ಮ ಹಾರಿ ದಾಟುತ್ತಾಳೇನೋ ಎಂದು ಕಾದಳು. ಕಂಡಕ್ಟರಮ್ಮ ನೀರಿನಲ್ಲೇ ಕೋಲೂರಿ ಚಪ್ಪಲಿ ತೋಯಿಸಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ, "ನೋಡ್ರಪ್ಪಾ, ಕುಂಟಿಯನ್ನ ಜಾರಿಸಿ ಬೀಳಿಸೋ ಸಂಚು!" ಎಂದು ಕೂಗಿದಳು. ಎದುರು ಮನೆಯವರು ಹೊರಗೆ ಬಂದರು. ಪಾರ್ಲರಮ್ಮನೇ ಬಟ್ಟೆ ತಂದು ನೀರು ಒರೆಸಬೇಕಾಯಿತು.

ಹಾಗೆ ಗೆದ್ದ ದಿನ ಕಂಡಕ್ಟರಮ್ಮನಿಗೆ ಊಟ ರುಚಿಸುತ್ತಿತ್ತು. ಆದರೆ ವಾಸಿಯಾದ ಕಾಲನ್ನು ಕಟ್ಟಿಹಾಕುವುದು ಸುಲಭವಲ್ಲ. ಅದಕ್ಕೆ ನಡೆಯುವ ಹುಚ್ಚು ಹಿಡಿದಿತ್ತು. ಮಧ್ಯಾಹ್ನ ಪಾರ್ಲರಿನಲ್ಲಿ ಗಿರಾಕಿಗಳಿದ್ದಾಗ, ಔಷಧಿ ತರುವ ನೆವ ಮಾಡಿ, ತಿರುವಿನವರೆಗೂ ಕುಂಟಿಕೊಂಡು ಹೋಗುತ್ತಿದ್ದಳು. ತಿರುವು ದಾಟಿದ್ದೇ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸರಸರನೆ ಹೆಜ್ಜೆ ಹಾಕುವಳು. ಮಾರ್ಕೆಟ್ಟು, ಪೋಸ್ಟಾಫೀಸು, ಹಳೆಯ ಡಿಪೋ, ಕೆಲಸವಿಲ್ಲದಿದ್ದರೂ ಎಲ್ಲ ಕಡೆ ಸುತ್ತುವಳು. ಒಂದು ದಿನ ಸ್ಟಾಪಿನಿಂದ ಬಸ್ಸೊಂದು ಆಗಷ್ಟೇ ಹೊರಟಿತ್ತು. ಏನನ್ನಿಸಿತೋ, ಕಂಡಕ್ಟರಮ್ಮ ಓಡಿದಳು. ಡಾಕ್ಟರು ಓಡಬೇಡಿ ಎಂದಿದ್ದು ನೆನಪಾಗುವಷ್ಟರಲ್ಲಿ ಕಂಬಿ ಕೈಗೆ ಸಿಕ್ಕಿಯಾಗಿತ್ತು.

"ಏನಜ್ಜೀ ಇದು, ಈ ವಯಸ್ಸಲ್ಲಿ!" ಎಂದು ಬೈದ ಕಂಡಕ್ಟರು.

"ಅಜ್ಜಿ ನಿಮ್ಮಪ್ಪ! ಮೊದ್ಲು ಬಾಗಿಲು ಹಾಕು, ನಿಂಗೆ ಕೆಲಸ ಕಲಿಸಿದ್ದು ಯಾರು?" ಎಂದಳು. ಏದುಸಿರು ಬಿಡುತ್ತ, ಒಬ್ಬಳೇ ನಗುತ್ತ ಕಿಟಕಿಯ ಸೀಟಿನಲ್ಲಿ ಕೂತಳು. ಹಿಂದಿನ ಸೀಟಿನಲ್ಲಿದ್ದವಳು ಪಾರ್ಲರಮ್ಮನ ಕಾಯಂ ಗಿರಾಕಿ ಎಂದು ಅವಳಿಗೆ ಗೊತ್ತಾಗಲಿಲ್ಲ.

ಸುದ್ದಿ ಅಂದೇ ಮಹಡಿ ಹತ್ತಿತು. ಪಾರ್ಲರಮ್ಮ ಅದನ್ನು ಗಂಡನಿಗೂ ಹೇಳಲಿಲ್ಲ. ಹೇಳಿದರೆ "ಬೇರೆ ಯಾರೋ ಇರ್ಬೇಕು" ಎನ್ನುತ್ತಾನೆಂದು ಗೊತ್ತಿತ್ತು. ಕಂಡಕ್ಟರಮ್ಮ ಆಸ್ಪತ್ರೆಗೆ ತೋರಿಸಿಕೊಂಡು ಬರಲು ಹೋಗುವ ದಿನಕ್ಕಾಗಿ ಕಾದಳು.

ಆ ದಿನ ಡಾಕ್ಟರು ಬಲಮಂಡಿಯನ್ನು ಮಡಚಿ ಬಿಡಿಸಿ, ಎಕ್ಸ್-ರೇ ನೋಡಿ, "ತುಂಬಾ ಚೆನ್ನಾಗಿ ಕೂತಿದೆ" ಎಂದಳು. ಆಮೇಲೆ, "ಎಡಗಾಲು ಯಾಕೆ ಹೀಗೆ ಊದಿದೆ?"

"ಸ್ವಲ್ಪ ನೋವಿದೆ, ಈಚೆಗೆ."

"ನಡೆದು ತೋರಿಸಿ."

ಕಂಡಕ್ಟರಮ್ಮ ನಡೆದಳು. ನೆಟ್ಟಗೆ ನಡೆಯಬೇಕೆಂದುಕೊಂಡರೂ ದೇಹ ತನಗೆ ತಾನೇ ಎಡಕ್ಕೆ ವಾಲಿತು. ಇಷ್ಟು ದಿನ ನಟಿಸಿದ ಕುಂಟು ಮೈಗೇ ಅಂಟಿಕೊಂಡಿತ್ತು.

ಡಾಕ್ಟರಿಗೆ ಮೊದಲ ಸಲ ಸಿಟ್ಟು ಬಂತು. "ಯಾರು ಕಲಿಸಿದ್ದು ಈ ನಡಿಗೆ? ಬಲಗಾಲಿಗೆ ಏನೂ ಆಗಿಲ್ಲ. ನೀವು ಭಾರ ಎಲ್ಲ ಎಡಗಾಲಿಗೆ ಹಾಕ್ತಿದೀರಿ. ಹೀಗೇ ಕುಂಟಿದ್ರೆ ಅದನ್ನೂ ಕೈಯಾರೆ ಹಾಳುಮಾಡ್ಕೋತೀರಿ. ಆ ಕೋಲನ್ನ ಇಲ್ಲೇ ಬಿಟ್ಟು ಹೋಗಿ."

ಕೋಲು ಆಸ್ಪತ್ರೆಯಲ್ಲೇ ಉಳಿಯಿತು. ಕಂಡಕ್ಟರಮ್ಮ ದಾರಿಯುದ್ದಕ್ಕೂ ಕುದಿಯುತ್ತ ಬಂದಳು. ಡಾಕ್ಟರ ಮೇಲೆ ಸಿಟ್ಟು, ವಾರಗಿತ್ತಿಯ ಮೇಲೆ ಸಿಟ್ಟು, ಸತ್ತ ಅತ್ತೆಯ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಕೋಣೆಗಾಗಿ ಒಳ್ಳೆಯ ಕಾಲಿಗೆ ಕೊಳ್ಳಿ ಇಟ್ಟುಕೊಳ್ಳುತ್ತಿದ್ದ ತನ್ನ ಬುದ್ಧಿಯ ಮೇಲೆ.

ಮನೆಗೆ ಬಂದು ನೋಡಿದರೆ ಬೀದಿ ಬಾಗಿಲು ತೆರೆದಿತ್ತು. ಅವಳ ಮಂಚ ಗೋಡೆಗೆ ಒರಗಿ ನಿಂತಿತ್ತು. ಕೋಣೆಯ ನಡುವೆ, ತಿರುಗುವ ಪಾರ್ಲರ್ ಕುರ್ಚಿ. ಅದರಲ್ಲಿ ಮುಖಕ್ಕೆಲ್ಲ ಹಸಿರು ಲೇಪ ಬಳಿದುಕೊಂಡ ಹೆಂಗಸೊಬ್ಬಳು ಕಣ್ಣು ಮುಚ್ಚಿ ಒರಗಿದ್ದಳು. ಪಾರ್ಲರಮ್ಮ ಬಟ್ಟಲಲ್ಲಿ ಏನನ್ನೋ ಕಲಸುತ್ತಿದ್ದಳು.

"ಏನಿದು?"

"ಮೇಲೆ ಪೇಂಟಿಂಗ್ ಮಾಡಿಸ್ತಿದೀನಿ ಅಕ್ಕಾ. ಎರಡು ದಿನ ಅಷ್ಟೇ. ನೀವು ಇಲ್ಲೇ ಕೆಳಗೆ ಹಿಂದಿನ ಕೋಣೇಲಿ ಮಲಗಿ."

"ನನ್ನ ಮಂಚ ಮುಟ್ಟೋಕೆ ಯಾರೇ ಹೇಳಿದ್ದು ನಿಂಗೆ?"

"ಮಂಚ ತಾನೇ, ಕಿರೀಟ ಏನಲ್ವಲ್ಲ."

"ಎಬ್ಬಿಸು ಅವಳನ್ನ."

"ಲೇಪ ಒಣಗ್ಲಿ ಅಕ್ಕಾ."

"ನಿನ್ನ ಲೇಪಕ್ಕೆ ಬೆಂಕಿ ಹಾಕ! ಏಳಮ್ಮಾ ಮೇಲೆ!" ಕಂಡಕ್ಟರಮ್ಮನ ಕೂಗಿಗೆ ಹಸಿರು ಮುಖದವಳು ಸ್ಪ್ರಿಂಗಿನ ಹಾಗೆ ಎದ್ದು, ಹೆಗಲ ಮೇಲಿನ ಟವೆಲ್ಲಿನ ಸಮೇತ ಬೀದಿಗಿಳಿದಳು. ಎದುರು ಮನೆಯ ಮಗು ಅವಳನ್ನು ನೋಡಿ ಜೋರಾಗಿ ಅತ್ತಿತು. ಕಂಡಕ್ಟರಮ್ಮ ಕುರ್ಚಿಯ ಎರಡೂ ತೋಳು ಹಿಡಿದಳು. ಕಬ್ಬಿಣದ ಕಾಲಿನ ಭಾರವಾದ ಕುರ್ಚಿ. ಅದನ್ನು ಎದೆಗೊತ್ತಿಕೊಂಡು ಎತ್ತಿ, ಅಂಗಳ ದಾಟಿ, ಮೆಟ್ಟಿಲು ಹತ್ತಲು ಶುರುಮಾಡಿದಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ. "ಕಳ್ಳಿ!" "ಮನೆಹಾಳಿ!" "ಬಾಯಿ ಬೆಲ್ಲದವಳೇ!" ಕಂಬಿಯನ್ನು ಮುಟ್ಟಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಮೇಲೆ ಹೋಗಿ ಕುರ್ಚಿಯನ್ನು ದಡ್ ಎಂದು ಕುಕ್ಕಿದಾಗಲೇ ಅವಳಿಗೆ ಎಚ್ಚರವಾದದ್ದು. ಗೋಡೆಗಳ ಮೇಲೆ ಹೊಸ ಬಣ್ಣದ ಒಂದು ತೊಟ್ಟೂ ಇರಲಿಲ್ಲ.

ತಿರುಗಿ ನೋಡಿದಳು. ಕೆಳಗೆ ಅಂಗಳದಲ್ಲಿ ಪಾರ್ಲರಮ್ಮ, ಎದುರು ಮನೆಯವರು, ಹಸಿರು ಮುಖದವಳು, ಎಲ್ಲರೂ ಕತ್ತೆತ್ತಿ ನಿಂತಿದ್ದರು. ಮಧ್ಯಾಹ್ನದ ಊಟಕ್ಕೆ ಬಂದ ಮೈದುನನೂ ಉಪಕರಣದ ಚೀಲ ಹಿಡಿದು ಗೇಟಿನ ಬಳಿ ಬಾಯಿ ತೆರೆದುಕೊಂಡು ನಿಂತಿದ್ದ.

"ಬಂದ್ರಲ್ಲಾ ಅಕ್ಕಾ ಮೇಲೆ" ಎಂದಳು ಪಾರ್ಲರಮ್ಮ. ಜೋರಾಗಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅವಳು ಕೆಳಗಿಳಿದು ಬಂದು, ಎಲ್ಲರೂ ಒಳಗೆ ಹೋದ ಮೇಲೆ ಮೈದುನ ತಲೆ ತಗ್ಗಿಸಿಕೊಂಡು ಕೇಳಿದ, "ಅತ್ತಿಗೆ, ಎಷ್ಟು ದಿನದಿಂದ?"

"ಮೊದಲ ದಿನದಿಂದ." ಕಂಡಕ್ಟರಮ್ಮನಿಗೆ ಸುಳ್ಳು ಸಾಕಾಗಿತ್ತು. "ಅವಳಿಗೆ ಸೋಲಬಾರ್ದು ಅಂತ ಕುಂಟಿದೆ. ಸೋಲಬಾರ್ದು ಅಂತಾನೇ ಕುರ್ಚಿ ಹೊತ್ತೆ. ಎರಡು ಕಡೆಯಿಂದ್ಲೂ ನಾನೇ ಸೋತೆ. ತಗೊಳ್ಳಿ ನಿಮ್ಮ ಕೆಳಮನೆ. ತಿನ್ನಿ."

"ನೀವೇನೂ ದಾನ ಮಾಡ್ತಿಲ್ಲ" ಎಂದಳು ಪಾರ್ಲರಮ್ಮ. "ಆಪರೇಷನ್ನಿಗೆ ಕರ್ಕೊಂಡು ಹೋಗಿದ್ದು ನಾನು. ಬಚ್ಚಲಿಂದ ಎತ್ತಿದ್ದು ನಾನು. ಒಂದ್ಸಲ ಆದ್ರೂ ನನ್ನ ಹೆಸರು ಎತ್ತಿದ್ರಾ?"

"ನಿನ್ನ ಹೆಸರು ಎತ್ತೋದಕ್ಕಿಂತ ಕುರ್ಚಿ ಎತ್ತೋದೇ ಹಗುರ."

ಪಾರ್ಲರಮ್ಮ ಮುಖ ತಿರುಗಿಸಿ, ಲೇಪ ಮೆತ್ತಿದ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. ಕಂಡಕ್ಟರಮ್ಮ ಅದನ್ನು ನೋಡಿದಳು. ಏನಾದರೂ ಹೇಳಬಹುದಿತ್ತು. ಬಾಯಿ ತೆರೆದರೆ ಏನು ಬರುತ್ತದೋ ಎಂದು ಮುಚ್ಚಿಕೊಂಡು, ಟ್ರಂಕಿಗೆ ಬಟ್ಟೆ ತುಂಬಲು ಹೋದಳು.

ವಾರದೊಳಗೆ ಅದಲು ಬದಲಾಯಿತು. ಕೆಳಗೆ ಬೀದಿಗೆ ಗಾಜಿನ ಬಾಗಿಲು, ಬೋರ್ಡು, ಎರಡು ಕುರ್ಚಿ. ಮೇಲೆ ಮುಂದಿನ ಕೋಣೆಯಲ್ಲಿ ಕಂಡಕ್ಟರಮ್ಮ. ಅಲ್ಲಿ ಗಾಳಿ ಚೆನ್ನಾಗಿತ್ತು, ಕಿಟಕಿಯಿಂದ ಬಸ್ ಸ್ಟಾಪಿನ ತುದಿಯವರೆಗೂ ಕಾಣುತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ನೆಟ್ಟಗೆ ನಡೆಯುವುದನ್ನು ಮತ್ತೆ ಕಲಿಯಬೇಕಿತ್ತು. ಗಟ್ಟಿ ಅಟ್ಟೆಯ ಬೂಟು ಹಾಕಿಕೊಂಡು ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ, ಟಕ್ ಟಕ್ ಎಂದು ನಡೆಯುತ್ತಿದ್ದಳು. ಪಾರ್ಲರ್ ತೆರೆದ ಮೊದಲ ದಿನವೇ ಪಾರ್ಲರಮ್ಮ ಮೇಲೆ ಬಂದು ಬಾಗಿಲು ತಟ್ಟಿದಳು.

"ಕೆಳಗೆ ಗಿರಾಕಿ ಮಲಗಿದಾರೆ. ಸ್ವಲ್ಪ ಮೆಲ್ಲಗೆ ನಡೀರಿ."

"ಡಾಕ್ಟ್ರು ನಡೀಬೇಕು ಅಂದಿದಾರೆ."

"ಬೂಟು ಹಾಕ್ಕೊಂಡೇ ನಡೀಬೇಕು ಅಂದಿದಾರಾ?"

"ಹೋಗಿ ಕೇಳ್ಕೊಂಡು ಬಾ. ನಿಂಗೆ ಆಸ್ಪತ್ರೆ ದಾರಿ ಗೊತ್ತಲ್ಲ."

ಪಾರ್ಲರಮ್ಮ ಮೆಟ್ಟಿಲನ್ನು ಒದ್ದುಕೊಂಡೇ ಇಳಿದುಹೋದಳು. ಕಂಡಕ್ಟರಮ್ಮ ಬಾಗಿಲು ಹಾಕಿ ಮತ್ತೆ ಶುರುಮಾಡಿದಳು. ಪಾರ್ಲರಿನ ಕಡೆಯ ಗಿರಾಕಿ ಹೋಗಿ, ಶಟರ್ ಎಳೆದ ಸದ್ದು ಕೇಳಿದ ಮೇಲೆ ಬೂಟು ಬಿಚ್ಚಿಟ್ಟಳು. ಎಡಗಾಲು ಇನ್ನೂ ನೋಯುತ್ತಿತ್ತು. ಬಲಗಾಲಿನ ಮೇಲೆ ಭಾರ ಹಾಕಿ, ಬರಿಗಾಲಿನಲ್ಲಿ, ಕಿಟಕಿಯವರೆಗೂ ನಿಧಾನವಾಗಿ ನಡೆದು ಹಿಂದಿರುಗಿದಳು. ಮತ್ತೊಮ್ಮೆ ನಡೆದಳು.